ಸುವೊನ್ ಊರಿನಲ್ಲಿ ಮಗಳ ಮೊದಲ ಗಂಜಿ

ನಮ್ಮ ಅಪಾರ್ಟ್‌ಮೆಂಟ್ ಕೆಳಗಿನ ಮಾಂಸದಂಗಡಿಯಲ್ಲಿ 'ಇಯುಶಿಕ್' ಅನ್ನೋ ಒಂದು ಪದ ಹೇಳಿದರೆ ಸಾಕು. ಅಂಗಡಿಯವರು ಕೇಳೋದು ಒಂದೇ ಪ್ರಶ್ನೆ: "ಮಗುವಿಗೆ ಎಷ್ಟು ತಿಂಗಳು?" ಆರು ಅಂದರೆ ಕೊಬ್ಬಿಲ್ಲದ ದನದ ಮಾಂಸವನ್ನು ಎರಡು ಸಲ ಯಂತ್ರಕ್ಕೆ ಹಾಕಿ ನುಣ್ಣಗೆ ಮಾಡಿ ಕೊಡ್ತಾರೆ. ಒಂಬತ್ತು ಅಂದರೆ ಒಂದೇ ಸಲ. ಇಯುಶಿಕ್ ಅಂದರೆ ಹಾಲು ಬಿಡಿಸುವ ಊಟ. ಕೊರಿಯಾದಲ್ಲಿ ಅದು ಅಕ್ಕಿ ಗಂಜಿಯಿಂದ ಶುರುವಾಗಿ, ಕೆಲವೇ ದಿನಗಳಲ್ಲಿ ಮಾಂಸ, ತರಕಾರಿ ಹಾಕಿದ ಗಂಜಿ ಆಗಿಬಿಡುತ್ತೆ.

ನಾನಿರೋದು ಸುವೊನ್‌ನಲ್ಲಿ. ಸೋಲ್‌ನಿಂದ ದಕ್ಷಿಣಕ್ಕೆ ಮೆಟ್ರೋದಲ್ಲಿ ಸುಮಾರು ಒಂದು ಗಂಟೆ. ಯೊಂಗ್‌ಟೊಂಗ್ ಅನ್ನೋ ನಮ್ಮ ಬಡಾವಣೆಯಲ್ಲಿ ನನ್ನ ಹಾಗೆ ಕೋಡ್ ಬರೆದು ಬದುಕುವ ಭಾರತೀಯರು ಸಾಕಷ್ಟು ಜನ ಇದ್ದಾರೆ. ಊರಿಗೆ ಬಂದವರನ್ನೆಲ್ಲ ನಾವು ಕರ್ಕೊಂಡು ಹೋಗೋದು ಹಳೇ ಊರಿನ ಹ್ವಾಸೊಂಗ್ ಕೋಟೆಗೆ. 1794ರಿಂದ 1796ರವರೆಗೆ ಜೊಂಗ್‌ಜೊ ಅನ್ನೋ ರಾಜ ಕಟ್ಟಿಸಿದ್ದು, 1997ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕೋಟೆಯ ಪಾಲ್ದಾಲ್‌ಮುನ್ ಬಾಗಿಲ ಬಳಿ ಒಂದು ಬೀದಿ ತುಂಬ ಕರಿದ ಕೋಳಿ ಅಂಗಡಿಗಳು. ದನದ ಪಕ್ಕೆಲುಬಿನ ಗಾಲ್ಬಿಗೂ ಈ ಊರು ಇಡೀ ದೇಶಕ್ಕೆ ಹೆಸರುವಾಸಿ.

ಆದರೆ ನನಗೆ ಈಗ ಆ ಕೋಟೆಯಲ್ಲಿ ಇಷ್ಟದ ಜಾಗ ಅರಮನೆಯ ಹೆಬ್ಬಾಗಿಲು, ಶಿನ್‌ಪುಂಗ್‌ನು. 1795ರಲ್ಲಿ ಜೊಂಗ್‌ಜೊ ತನ್ನ ತಾಯಿಯ ಅರವತ್ತರ ಸಂಭ್ರಮಕ್ಕೆ ಇಲ್ಲಿಗೆ ಬಂದಾಗ, ಈ ಬಾಗಿಲ ಮುಂದೆಯೇ ಬಡವರಿಗೆ ಅಕ್ಕಿ ಹಂಚಿ, ಹಸಿದವರಿಗೆ ಗಂಜಿ ಕೊಡಿಸಿದ. ಕೊರಿಯಾದಲ್ಲಿ ಗಂಜಿಗೆ 'ಜುಕ್' ಅಂತಾರೆ. ನಮ್ಮಲ್ಲಿ ಗಂಜಿ ಅಂದ ಕೂಡಲೇ ಜ್ವರ ಬಂದವರ ಊಟ ಅಂತ ಮುಖ ಸಣ್ಣ ಮಾಡ್ತೀವಿ. ಇಲ್ಲೂ ಹುಷಾರಿಲ್ಲದವರಿಗೆ ಕೊಡೋದು ಅದನ್ನೇ, ಆದರೆ ಜುಕ್‌ಗೆಂದೇ ಬೇರೆ ಹೋಟೆಲುಗಳೂ ಇವೆ. ಚಳಿಗಾಲದಲ್ಲಿ ವರ್ಷದ ಅತಿ ದೀರ್ಘ ರಾತ್ರಿಯ ದಿನ ಕೆಂಪು ಕಾಳಿನ ಜುಕ್ ತಿನ್ನೋದು ಹಬ್ಬದಷ್ಟೇ ಮುಖ್ಯ. ನಾವು 'ನೀರು ಕುಡಿದಷ್ಟು ಸುಲಭ' ಅನ್ನೋ ಕಡೆ ಇವರು 'ಆರಿದ ಗಂಜಿ ತಿಂದ ಹಾಗೆ' ಅಂತಾರೆ. ತಿನ್ನೋದು ಸುಲಭ ಇರಬಹುದು, ಮಾಡೋದಲ್ಲ.

ಮಗಳು ಹುಟ್ಟಿದ್ದು 35ನೇ ವಾರಕ್ಕೆ. ಮಗು ತಾಯಿಯಿಂದ ಕಬ್ಬಿಣದ ಅಂಶವನ್ನು ಹೆಚ್ಚಾಗಿ ಕೂಡಿಟ್ಟುಕೊಳ್ಳೋದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಬೇಗ ಬಂದ ಮಕ್ಕಳ ಖಾತೆಯಲ್ಲಿ ಅದು ಕಮ್ಮಿ. ಎದೆಹಾಲಿನಲ್ಲಿ ಕಬ್ಬಿಣ ಇರೋದೇ ಅಲ್ಪ. ಹಾಗಾಗಿ ಮೊದಲಿಂದಲೂ ಅವಳಿಗೆ ಕಬ್ಬಿಣದ ಹನಿ ಹಾಕ್ತಿದ್ವಿ. ಆದರೂ ಆರನೇ ತಿಂಗಳ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.4 ಬಂತು. ಡಾಕ್ಟರ್ ಹನಿಯ ಪ್ರಮಾಣ ಹೆಚ್ಚಿಸಿದರು. ಆಮೇಲೆ ಕೊರಿಯಾದ ಡಾಕ್ಟರುಗಳು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುವ ಮಾತನ್ನು ನಮಗೂ ಹೇಳಿದರು: "ದಿನಾ ದನದ ಮಾಂಸ ಕೊಡಿ."

ನಮ್ಮದು ಮಂಡ್ಯದ ಕಡೆಯ ಮನೆ. ಬಾಡೂಟಕ್ಕೆ ಬೇಡ ಅನ್ನೋರು ಯಾರೂ ಇಲ್ಲ. ಆದರೆ ದನದ ಮಾಂಸ ನಮ್ಮ ಅಡುಗೆಮನೆಗೆ ಬಂದಿಲ್ಲ. ಸರಿ ತಪ್ಪಿನ ವಾದ ಇಲ್ಲಿ ಬೇಡ. ನನಗೂ ಹೆಂಡತಿಗೂ ಆ ರಾತ್ರಿ ನಿದ್ದೆ ಬರಲಿಲ್ಲ ಅನ್ನೋದಷ್ಟೇ ವಿಷಯ. ಕಣ್ಣ ಮುಂದೆ 10.4 ಅನ್ನೋ ಸಂಖ್ಯೆ. ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಅಮ್ಮನದು ಇನ್ನೊಂದೇ ತಕರಾರು.

"ಹಲ್ಲೇ ಬಂದಿಲ್ಲ ಕೂಸ್ಗೆ, ಬಾಡು ಹೆಂಗ್ಲಾ ತಿಂದದು? ರಾಗಿ ಸರಿ ಕುಡ್ಸೋದು ಬುಟ್ಟು."

ದಾರಿ ತೋರಿಸಿದ್ದೂ ಅಮ್ಮನ ಮಾತೇ. ಬಾಡು ಅಂದರೆ ಅವರಿಗೆ ಕುರಿ. ಮತ್ತೆ ಡಾಕ್ಟರ ಹತ್ತಿರ ಹೋಗಿ ಕುರಿ ಆಗುತ್ತಾ ಅಂತ ಕೇಳಿದ್ವಿ. ಅವರು ಒಂದು ಕ್ಷಣ ಯೋಚಿಸಿ, ಕೆಂಪು ಮಾಂಸ ಆದರೆ ಆಯ್ತು, ಕೊಬ್ಬು ತೆಗೀರಿ ಅಂದರು. ಅಮ್ಮನಿಗೆ ಹೇಳಿದಾಗ, "ಕುರಿಯಾದ್ರೆ ಸರಿ ಕಣಪ್ಪ. ಬಾಣಂತಿಗೆ ಕಾಲ್ ಸೂಪ್ ಕೊಡಕಿಲ್ವಾ?" ಅಂದುಬಿಟ್ಟರು. ಹಲ್ಲಿನ ಪ್ರಶ್ನೆ ಅಲ್ಲಿಗೇ ಮಾಯ.

ಕುರಿ ಮಾಂಸ ಇಲ್ಲಿನ ಬೀದಿ ಅಂಗಡಿಯಲ್ಲಿ ಸಿಗೋದಿಲ್ಲ. ದೊಡ್ಡ ಮಾರ್ಟ್‌ನಲ್ಲಿ ಆಸ್ಟ್ರೇಲಿಯಾದಿಂದ ಬಂದದ್ದು ಸಿಗುತ್ತೆ. ಅದರ ವಾಸನೆಗೆ ಕೊರಿಯನ್ನರಲ್ಲಿ 'ನುರಿನ್ನೆ' ಅಂತ ಬೇರೆಯೇ ಪದ ಇದೆ. ಪಕ್ಕದ ಮನೆಯಾಕೆ ನಮ್ಮ ಕುರಿ ಗಂಜಿಯ ಸುದ್ದಿ ಕೇಳಿ ಮೂಗು ಮುಟ್ಟಿಕೊಂಡು ನಕ್ಕರು. ನಗಲಿ ಬಿಡಿ, ನನ್ನ ಮಗಳ ಮೂಗು ಮಂಡ್ಯದ್ದು.

ಮಾಡೋ ಕ್ರಮ ಮಾತ್ರ ಪೂರ್ತಿ ಇಲ್ಲಿಯದು. ಇವರ ಲೆಕ್ಕ ಎಲ್ಲ ಅನುಪಾತದಲ್ಲಿ. ಶುರುವಿಗೆ ಅಕ್ಕಿ ಒಂದು ಪಾಲಾದರೆ ನೀರು ಹತ್ತು ಪಾಲು, ಅದಕ್ಕೆ 'ಹತ್ತರ ಗಂಜಿ' ಅಂತಲೇ ಹೆಸರು. ತಿಂಗಳು ಕಳೆದಂತೆ ಎಂಟು, ಐದು, ಮೂರಕ್ಕೆ ಇಳಿದು ಕೊನೆಗೆ ಮೆತ್ತಗಿನ ಅನ್ನ. ನಾನು ಭಾನುವಾರ ಮಧ್ಯಾಹ್ನ 50 ಗ್ರಾಂ ಅಕ್ಕಿ ನೆನೆಸಿ, ಮಿಕ್ಸಿಯಲ್ಲಿ ರವೆಯಷ್ಟು ಒಡೆದುಕೊಳ್ತೀನಿ. ಅದಕ್ಕೆ 400 ಮಿ.ಲೀ. ನೀರು, ಸುಮಾರು ಮೂರು ಹೊತ್ತಿಗೆ ಆಗುತ್ತೆ. ಮಾಂಸವನ್ನು ಬೇರೆ ಬೇಯಿಸಿ ರುಬ್ಬಿ, ಬೆಂದ ನೀರನ್ನು ಚೆಲ್ಲದೆ ಗಂಜಿಗೇ ಹಾಕೋದು. ಒಂದು ಹೊತ್ತಿಗೆ 15 ಗ್ರಾಂ ಮಾಂಸ ಸಾಕು. ಕ್ಯಾರೆಟ್, ಎಲೆಕೋಸು, ಪಾಲಕ್ ಎಲ್ಲ ಆವಿಯಲ್ಲಿ ಬೇಯಿಸಿ, ರುಬ್ಬಿ, ಮುಚ್ಚಳ ಇರುವ ಸಿಲಿಕಾನ್ ಅಚ್ಚಿನಲ್ಲಿ ಫ್ರೀಜ್ ಮಾಡ್ತೀನಿ. ಇದಕ್ಕೆ ಇಲ್ಲಿ 'ಕ್ಯೂಬ್' ಅಂತಾರೆ. ವಾರದ ದಿನ ಆಫೀಸಿಂದ ಬಂದು ಒಂದು ಮಾಂಸದ ಕ್ಯೂಬು, ಎರಡು ತರಕಾರಿ ಕ್ಯೂಬು ಗಂಜಿಗೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿದರೆ ಆಯ್ತು. ಉಪ್ಪು ಇಲ್ಲ, ಸಕ್ಕರೆ ಇಲ್ಲ. ವರ್ಷ ತುಂಬುವವರೆಗೆ ಜೇನುತುಪ್ಪವಂತೂ ಇಲ್ಲವೇ ಇಲ್ಲ.

ತರಕಾರಿಗಳಲ್ಲಿ ನನಗೆ ಪ್ರೀತಿಯದು ಏಹೋಬಾಕ್ ಅನ್ನೋ ಎಳೆ ಹಸಿರು ಕುಂಬಳ. ಬಳ್ಳಿಯಲ್ಲಿ ಇರುವಾಗಲೇ ಕಾಯಿಗೆ ಪ್ಲಾಸ್ಟಿಕ್ ಚೀಲ ತೊಡಿಸ್ತಾರೆ, ಅದರೊಳಗೇ ಬೆಳೆದು ಎಲ್ಲ ಒಂದೇ ಅಳತೆಗೆ ಬರುತ್ತೆ. ಅದರ ಹೆಸರು 'ಇನ್‌ಕ್ಯೂ ಏಹೋಬಾಕ್', ಅಂದರೆ ಇನ್‌ಕ್ಯುಬೇಟರ್ ಕುಂಬಳ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಮಗಳಿಗೆ ಅದನ್ನು ಮೊದಲ ಸಲ ತಿನ್ನಿಸಿದಾಗ ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡ್ವಿ, ಏನೂ ಮಾತಾಡಲಿಲ್ಲ.

ಹೊಸ ಪದಾರ್ಥ ಒಂದು ಸಲಕ್ಕೆ ಒಂದೇ, ಮೂರು ದಿನದ ಅಂತರದಲ್ಲಿ. ಮೈಮೇಲೆ ಗಂಧೆ ಎದ್ದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ. ಒಂದೇ ಸಲಕ್ಕೆ ಹತ್ತು ಬದಲಾವಣೆ ಮಾಡಿ ರಿಲೀಸ್ ಮಾಡಿದ ಕೋಡಿನಲ್ಲಿ ಬಗ್ ಹುಡುಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಗಂಜಿಯ ಹದ ಹೇಳೋಕೆ ಇಲ್ಲಿನ ಪಾಕಪುಸ್ತಕಗಳು ಬಳಸೋದು ಶಬ್ದಗಳನ್ನು. ಮೊದಲ ಹಂತದ ಗಂಜಿ ಚಮಚದಿಂದ 'ಜುರುರುಕ್' ಅಂತ ಹರೀಬೇಕು, ಮುಂದಿನದು 'ತುಕ್‌ತುಕ್' ಅಂತ ಬೀಳಬೇಕು. ಜುಳುಜುಳು, ತೊಟತೊಟ ಅನ್ನೋ ಭಾಷೆಯವನಿಗೆ ಇದು ತಕ್ಷಣ ಅರ್ಥವಾಯ್ತು. ಕೊರಿಯನ್ ಕಲಿಯೋ ಮೂರು ವರ್ಷದ ಪಾಡಿನಲ್ಲಿ ನಿಘಂಟು ನೋಡದೆ ತಿಳಿದ ಪದಗಳು ಇವೆರಡೇ ಇರಬೇಕು.

ಹಾಗಂತ ರಾಗಿ ಸರಿ ಬಿಟ್ಟಿಲ್ಲ. ಬೆಂಗಳೂರಿಗೆ ಹೋಗಿದ್ದ ಸಹೋದ್ಯೋಗಿಯ ಸೂಟ್‌ಕೇಸಿನಲ್ಲಿ ಅಮ್ಮ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು ಕಳಿಸಿದ್ದರು. ನೀರು ಜಾಸ್ತಿ ಇರುವ ಗಂಜಿಯ ತೊಂದರೆ ಏನಂದರೆ, ಮಗುವಿನ ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಹೋಗುತ್ತೆ, ಶಕ್ತಿ ಸಿಗೋದು ಕಮ್ಮಿ. ಮೊಳಕೆ ಬಂದ ರಾಗಿಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇರುತ್ತೆ, ಅದು ಪಿಷ್ಟವನ್ನು ಒಡೆಯುತ್ತೆ. ಒಂದು ದಿನ ದಪ್ಪಗಾದ ಅಕ್ಕಿ ಗಂಜಿಯನ್ನು ಸ್ವಲ್ಪ ಆರಿಸಿ, ಅಮ್ಮನ ಹಿಟ್ಟು ಒಂದು ಚಮಚ ಕಲಸಿದೆ. ಐದಾರು ನಿಮಿಷದಲ್ಲಿ ತುಕ್‌ತುಕ್ ಅಂತಿದ್ದ ಗಂಜಿ ಜುರುರುಕ್ ಅನ್ನೋಕೆ ಶುರುವಾಯ್ತು, ಒಂದು ಹನಿ ನೀರು ಸೇರಿಸದೆ. ಆಮೇಲೆ ಮತ್ತೆ ಕುದಿಸಿ ಕೊಟ್ಟೆ. ಅಮ್ಮನಿಗೆ ಈ ಕಿಣ್ವದ ಕಥೆ ಹೇಳಿದರೆ, "ಅದ್ಕೇ ಕಣಪ್ಪ ಮೊಳ್ಕೆ ಕಟ್ಟೋದು" ಅಂದರು, ನಾನೇನೋ ತಡವಾಗಿ ಶಾಲೆಗೆ ಸೇರಿದ ಹಾಗೆ.

ಮಾಂಸ ತಿನ್ನದ ಮನೆಯವರು ಬೇಳೆ, ಸೊಪ್ಪು, ರಾಗಿಯ ಜೊತೆ ನಾಲ್ಕು ಹನಿ ನಿಂಬೆರಸ ಸೇರಿಸಬಹುದು. ಸಸ್ಯದ ಕಬ್ಬಿಣ ಮೈಗೆ ಹಿಡಿಯೋಕೆ ವಿಟಮಿನ್ ಸಿ ಬೇಕು. ಹನಿ ಔಷಧ ಬೇಕೋ ಬೇಡವೋ ಅನ್ನೋದು ಡಾಕ್ಟರಿಗೆ ಬಿಟ್ಟದ್ದು.

ಶನಿವಾರ ಮಗಳನ್ನು ಸ್ಟ್ರಾಲರ್‌ನಲ್ಲಿ ಕೂರಿಸಿಕೊಂಡು ಶಿನ್‌ಪುಂಗ್‌ನು ಮುಂದಿನ ಬಯಲಿಗೆ ಹೋಗ್ತೀವಿ. ಅಜ್ಜಿಯರನ್ನು ಇಲ್ಲಿ 'ಹಲ್ಮೊನಿ' ಅಂತಾರೆ. ಒಬ್ಬರೂ ನಮ್ಮನ್ನು ದಾಟಿ ಸುಮ್ಮನೆ ಹೋಗೋದಿಲ್ಲ. 2023ರಲ್ಲಿ ಈ ದೇಶದ ಜನನ ದರ ಒಬ್ಬ ಹೆಂಗಸಿಗೆ 0.72ಕ್ಕೆ ಇಳಿದಿತ್ತು. ಮಗು ಕಂಡರೆ ಅವರು ನಿಲ್ಲೋದರಲ್ಲಿ ಆಶ್ಚರ್ಯ ಇಲ್ಲ. ಮೊದಲು ಕಾಲುಚೀಲ ಯಾಕೆ ಹಾಕಿಲ್ಲ ಅಂತ ನನಗೆ ಬೈಗುಳ, ಆಮೇಲೆ ಊಟದ ವಿಚಾರಣೆ. ಕುರಿ ಅಂದರೆ ಹುಬ್ಬು ಮೇಲೆ. ಬಟ್ಟಲು ಖಾಲಿ ಮಾಡ್ತಾಳೆ ಅಂದರೆ, ಹಾಗಾದರೆ ಸರಿ ಅಂತ ಗಲ್ಲ ಸವರಿ ಹೋಗ್ತಾರೆ.

ಈಗ ಒಂಬತ್ತು ತಿಂಗಳು. ಮೊನ್ನೆ ಹಿಮೋಗ್ಲೋಬಿನ್ 11.3 ಬಂತು. ಹನಿಯಿಂದಲೋ ಕುರಿಯಿಂದಲೋ ಹೇಳೋಕಾಗಲ್ಲ, ಎರಡನ್ನೂ ಒಟ್ಟಿಗೇ ಬದಲಾಯಿಸಿದ್ವಲ್ಲ. ಗಂಜಿಯ ನೀರು ಐದು ಪಾಲಿಗೆ ಇಳಿದಿದೆ, ಅಕ್ಕಿ ಒಡೆಯೋದು ನಿಂತಿದೆ. ಮುಂದಿನ ಹೊಸ ಪದಾರ್ಥ ಮೊಟ್ಟೆಯ ಹಳದಿ. ಮೊದಲ ಚಮಚ ಮಂಗಳವಾರ ಬೆಳಿಗ್ಗೆ, ಕ್ಲಿನಿಕ್ ಬಾಗಿಲು ತೆರೆದ ಮೇಲೆ.