ವೇಷ ಮತ್ತು ಒಡಪು

ಕಾಸರಗೋಡು ಜಿಲ್ಲೆಯ ಕುಂಬಳೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವವನು ಪಾರ್ತಿಸುಬ್ಬ. ಯಕ್ಷಗಾನದ ರಾಮಾಯಣ ಪ್ರಸಂಗಗಳ ಕರ್ತೃವೆಂದು ಪರಂಪರೆ ಗೌರವಿಸುವ ಆ ಕವಿಯ ನೆಲದಿಂದಲೇ 2015ರಲ್ಲಿ ಹನುಮಂತನ ಹೊಸ ಮುಖವೊಂದು ಹೊರಟಿತು. ಊರಿನ ತರುಣರು ಗಣೇಶ ಚತುರ್ಥಿಯ ಧ್ವಜಕ್ಕೊಂದು ಚಿತ್ರ ಬೇಕೆಂದಾಗ ಕಲಾವಿದ ಕರಣ್ ಆಚಾರ್ಯ ಅವರು ಕಂಪ್ಯೂಟರಿನಲ್ಲಿ ಬಿಡಿಸಿಕೊಟ್ಟದ್ದು ಅದು. ಕಪ್ಪು ಮತ್ತು ಕೇಸರಿ ಬಣ್ಣ, ಗಂಟಿಕ್ಕಿದ ಹುಬ್ಬು, ಬಿರುಸು ನೋಟ. ಸಂಜೀವಿನಿ ಪರ್ವತವಿಲ್ಲ, ರಾಮನ ಪಾದದ ಬಳಿ ಕೈಮುಗಿದ ಭಂಗಿಯಿಲ್ಲ, ಬರಿಯ ಮುಖ. ಕೆಲವೇ ವರ್ಷಗಳಲ್ಲಿ ಅದು ಬೆಂಗಳೂರಿನ ಕಾರುಗಳ ಹಿಂಬದಿಯ ಗಾಜನ್ನೇರಿತು. ಚನ್ನಗಿರಿಯಲ್ಲಿ ಅಡಿಕೆ ಹೇರಿಕೊಂಡು ಹೋಗುವ ವಾಹನಗಳ ಮೇಲೂ ನಾವು ಅದನ್ನು ಕಂಡಿದ್ದೇವೆ. ದಾಸ್ಯಭಕ್ತಿಯ ಮೂರ್ತಿಯನ್ನು ಕೋಪಿಷ್ಠನನ್ನಾಗಿ ಮಾಡಿದರೆಂದು ಕೆಲವರು ಆಕ್ಷೇಪಿಸಿದರು. ತಾವು ಬರೆದದ್ದು ಕೋಪವನ್ನಲ್ಲ, ಗತ್ತನ್ನು ಎಂಬುದು ಕಲಾವಿದರ ಸಮಾಧಾನ.

ಇಂತಹುದೇ ವಾಗ್ವಾದ ಸಮುದ್ರದಾಚೆಯೂ ನಡೆದಿದೆಯೆಂದು ನಮಗೆ ತಿಳಿಸಿದವನು ಹೊನ್ನಾಳಿಯ ಭಕ್ತರೊಬ್ಬರ ಮೊಮ್ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ವಿಡಿಯೋ ಆಟಗಳಲ್ಲಿ ಆಸಕ್ತ. ನಾರ್ವೆ, ಐಸ್‌ಲ್ಯಾಂಡ್ ಮೊದಲಾದ ಉತ್ತರದೇಶಗಳ ಪುರಾಣದಲ್ಲಿ ಥಾರ್ ಎಂಬವನು ಗುಡುಗಿನ ದೇವರು. ನಮ್ಮ ಇಂದ್ರನಿಗೆ ವಜ್ರವಿದ್ದಂತೆ ಅವನಿಗೆ ಸುತ್ತಿಗೆ. 2022ರಲ್ಲಿ ಬಂದ ‘ಗಾಡ್ ಆಫ್ ವಾರ್ ರಾಗ್ನರಾಕ್’ ಎಂಬ ಆಟದಲ್ಲಿ ಅವನಿಗೆ ದೊಡ್ಡ ಹೊಟ್ಟೆ, ಕೆದರಿದ ಕೆಂಗಡ್ಡ. ಹಿಂದಿನ ವರ್ಷವೇ ಚಿತ್ರ ಹೊರಬಿದ್ದಾಗ ಆಟಗಾರರ ಲೋಕ ಎರಡಾಯಿತಂತೆ. “ದೇವರು ಅಂದ್ರೆ ಹಿಂಗಿರ್ತಾನಾ, ಗುರುಗಳೇ?” ಎಂಬುದು ಆ ಹುಡುಗನ ಪ್ರಶ್ನೆ.

ಹಿಂಗೂ ಇರುತ್ತಾನೆ ಎಂದು ಹೇಳಲು ನಮಗೆ ತಡವಾಗಲಿಲ್ಲ. ಥಾರನ ಕಳುವಾದ ಸುತ್ತಿಗೆಯನ್ನು ಮರಳಿ ತರುವ ಹಳೆಯ ಹಾಡೊಂದಿದೆ. ಸುತ್ತಿಗೆ ಕದ್ದ ದೈತ್ಯನಿಗೆ ಫ್ರೇಯಾ ದೇವಿಯೇ ವಧುವಾಗಿ ಬೇಕು. ಥಾರನು ಅವಳ ಮದುವಣಗಿತ್ತಿಯ ಉಡುಗೆಯನ್ನು ತಾನೇ ತೊಟ್ಟು ದೈತ್ಯನ ಮನೆಗೆ ಹೋಗುತ್ತಾನೆ. ಊಟಕ್ಕೆ ಕುಳಿತು ಒಂದು ಎತ್ತನ್ನೂ ಎಂಟು ಸಾಲ್ಮನ್ ಮೀನುಗಳನ್ನೂ ಮುಗಿಸಿ, ಮೂರು ಪೀಪಾಯಿ ಜೇನುಮದ್ಯ ಕುಡಿಯುತ್ತಾನೆ. (ನಮ್ಮ ಮನೆಗಳಲ್ಲಿ ಹೇಳತಕ್ಕ ಕಥೆಯಲ್ಲವಾದರೂ ಅವರ ಪುರಾಣವನ್ನು ಇದ್ದಂತೆಯೇ ಹೇಳಬೇಕಷ್ಟೆ.) ಹೊಂಗೂದಲಿನ, ಕಡೆದಿಟ್ಟ ಮೈಕಟ್ಟಿನ ಥಾರನನ್ನು ಜನಪ್ರಿಯಗೊಳಿಸಿದ್ದು 1962ರಲ್ಲಿ ಆರಂಭವಾದ ಅಮೆರಿಕದ ಮಾರ್ವೆಲ್ ಚಿತ್ರಕಥೆಗಳು, ಆಮೇಲೆ ಸಿನಿಮಾಗಳು. ಪುರಾಣಕ್ಕೆ ಅಪಚಾರವಾಯಿತೆಂದು ಕೂಗಿದವರು ಕಾಪಾಡಲು ಹೊರಟದ್ದು ಪುರಾಣವನ್ನಲ್ಲ, ತಮ್ಮ ಬಾಲ್ಯದ ಬಣ್ಣದ ಪುಸ್ತಕವನ್ನು. ಹೊಟ್ಟೆಯ ಮಟ್ಟಿಗೆ ಆಟದವರೇ ಮೂಲಕ್ಕೆ ಹತ್ತಿರ.

ಆದರೆ ಒಂದು ಭೇದವುಂಟು. ಐಸ್‌ಲ್ಯಾಂಡಿನ ಸ್ನೋರಿ ಎಂಬ ವಿದ್ವಾಂಸ 13ನೆಯ ಶತಮಾನದಲ್ಲಿ ಈ ಕಥೆಗಳನ್ನು ಗ್ರಂಥಸ್ಥ ಮಾಡುವಾಗಲೇ ಆ ನಾಡು ಕ್ರೈಸ್ತವಾಗಿ ಎರಡು ಶತಮಾನ ಕಳೆದಿತ್ತು. 1972ರಲ್ಲಿ ಅಲ್ಲಿ ಹಳೆಯ ಆರಾಧನೆಯ ಸಂಘವೊಂದು ಮತ್ತೆ ಹುಟ್ಟಿದರೂ ಅನುಯಾಯಿಗಳು ಅಲ್ಪಸಂಖ್ಯಾತರೇ. ನಮ್ಮಲ್ಲಿ ಹಾಗಲ್ಲ, ಆಟದ ಪರದೆಯ ಮೇಲೆ ಕಾಣುವ ದೇವರಿಗೆ ಪಕ್ಕದ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. 2009ರಲ್ಲಿ ಸೋನಿ ಸಂಸ್ಥೆಯ ‘ಹನುಮಾನ್: ಬಾಯ್ ವಾರಿಯರ್’ ಬಂದಾಗ, ಆಡುವವನು ಗುಂಡಿ ಒತ್ತಿ ದೇವರನ್ನು ಕುಣಿಸಬಹುದೇ ಎಂದು ಆಕ್ಷೇಪ ಎದ್ದಿತು. 2012ರಲ್ಲಿ ‘ಸ್ಮೈಟ್’ ಎಂಬ ಅಮೆರಿಕದ ಆಟ ನಾನಾ ದೇಶಗಳ ದೇವತೆಗಳ ಸಾಲಿನಲ್ಲಿ ಕಾಳಿಯನ್ನೂ ಕಾದಾಡಲು ನಿಲ್ಲಿಸಿದಾಗ, ಅವಳ ಅರೆಬೆತ್ತಲೆ ರೂಪದ ಬಗ್ಗೆ ದೂರು ಕೇಳಿಬಂತು. ಎರಡನೆಯ ದೂರು ನಮಗೆ ಅರ್ಥವಾಗುತ್ತದೆ. ಮೊದಲನೆಯದು ಅಷ್ಟಾಗಿ ಒಪ್ಪಿಗೆಯಾಗದು. ಮನುಷ್ಯರೇ ದೇವರ ವೇಷ ಕಟ್ಟಿ ಕುಣಿಯುವ ನಾಡು ನಮ್ಮದು.

ರೂಪವನ್ನು, ಕಥೆಯನ್ನು ಬದಲಿಸುವುದೇ ದೋಷವೆಂದರೆ ಚಾಮರಸನನ್ನು ಏನೆನ್ನೋಣ? ನ್ಯಾಮತಿಗೆ ದೂರವಲ್ಲದ ಬಳ್ಳಿಗಾವಿಯ ಅಲ್ಲಮನನ್ನು ಹರಿಹರನು ತನ್ನ ರಗಳೆಯಲ್ಲಿ ಚಿತ್ರಿಸಿದ ಬಗೆ ಬೇರೆ. ಅಲ್ಲಿ ಅಲ್ಲಮ ಮದ್ದಳೆಗಾರ. ಕಮಲತೆಯನ್ನು ಒಲಿದವನು, ಅವಳು ತೀರಿಕೊಂಡಾಗ ಹುಚ್ಚನಂತೆ ಅಲೆದವನು, ಆ ಅಲೆದಾಟದಲ್ಲೇ ಹೂತುಹೋದ ಗುಡಿಯೊಳಗೆ ಗುರು ಅನಿಮಿಷನನ್ನು ಕಂಡವನು. 15ನೆಯ ಶತಮಾನದ ಚಾಮರಸ ಪ್ರಭುಲಿಂಗಲೀಲೆಯಲ್ಲಿ ಇದನ್ನು ಬುಡಮೇಲು ಮಾಡಿದ. ಕಮಲತೆಯಿಲ್ಲ, ಬನವಸೆಯ ಅರಸುಮಗಳಾಗಿ ಮಾಯೆಯೇ ಬರುತ್ತಾಳೆ, ಅಲ್ಲಮ ಅವಳ ಮುಂದೆ ಮದ್ದಳೆ ಬಾರಿಸಿಯೂ ಅವಳ ಕೈಗೆ ಸಿಗುವುದಿಲ್ಲ. ಪತ್ನಿವಿಯೋಗದಲ್ಲಿ ಬೆಂದ ಮನುಷ್ಯನೊಬ್ಬ ಕಾವ್ಯದಿಂದ ಮರೆಯಾದ. ಆ ನಷ್ಟ ನಮ್ಮನ್ನು ಇಂದಿಗೂ ಕಾಡುತ್ತದೆ. ಹರಿಹರನ ಅಲ್ಲಮನೇ ನಮಗೆ ಹೆಚ್ಚು ಹತ್ತಿರದವನು. ಆದರೆ ಚಾಮರಸ ಬದಲಿಸಿದ್ದು ಪೂರ್ವಕಥೆಯನ್ನು ಬಲ್ಲವನಾಗಿ, ಒಂದು ತತ್ತ್ವವನ್ನು ಹೇಳುವ ಸಲುವಾಗಿ. ಹೊಸ ರೂಪದೊಡನೆ ಹೊಸ ಕಥೆಯನ್ನೂ ಕೊಟ್ಟ. ಗಾಜಿನ ಮೇಲಿನ ಹನುಮನ ಬಗ್ಗೆ ನಮ್ಮ ಕೊರತೆ ಇದೇ: ಅವನು ಯಾರ ಮೇಲೆ, ಯಾವ ಪ್ರಸಂಗದಲ್ಲಿ ಕಣ್ಣು ಕೆಕ್ಕರಿಸಿದ್ದಾನೆಂದು ಚಿತ್ರ ಹೇಳುವುದಿಲ್ಲ. ಕಥೆಯಿಂದ ಕಳಚಿದ ಮುಖವನ್ನು ಯಾರು ಬೇಕಾದರೂ ತಮ್ಮ ಕೋಪಕ್ಕೆ ಅಂಟಿಸಿಕೊಳ್ಳಬಹುದು.

ನಮ್ಮ ಸೀಮೆಯ ಪುರವಂತರನ್ನು ನೋಡಿ. ಮದುವೆಯ ಗುಗ್ಗಳದಲ್ಲಿ ವೀರಭದ್ರನ ವೇಷ ಕಟ್ಟಿ, ಖಡ್ಗ ಹಿಡಿದು, ಸಮಾಳದ ಬಡಿತಕ್ಕೆ ಹೆಜ್ಜೆ ಹಾಕುವವರು. ಮಲೆನಾಡಿನ ವೀರಗಾಸೆಯವರ ಉಡುಗೆಗೂ ಇವರ ಉಡುಗೆಗೂ ವ್ಯತ್ಯಾಸವುಂಟು. ಯಾರೂ ಜಗಳ ತೆಗೆದಿಲ್ಲ. ಏಕೆಂದರೆ ನಡುನಡುವೆ ಬಡಿತ ನಿಲ್ಲಿಸಿ ಅವರು ಒಡಪು ಹೇಳುತ್ತಾರೆ: ದಕ್ಷನು ಶಿವನನ್ನು ಅವಮಾನಿಸಿದ್ದು, ದಾಕ್ಷಾಯಣಿ ದೇಹ ತೊರೆದದ್ದು, ವೀರಭದ್ರ ಹುಟ್ಟಿದ್ದು. ಕೆಂಪು ಬಟ್ಟೆ ಏಕೆ, ಖಡ್ಗ ಏಕೆ ಎಂಬುದು ನಿಂತು ನೋಡುವ ಮಗುವಿಗೂ ತಿಳಿಯುತ್ತದೆ.

ಕಳೆದ ವರ್ಷ ಜಗಳೂರಿನ ಕಡೆ ಒಂದು ಗುಗ್ಗಳಕ್ಕೆ ಹೋಗಿದ್ದೆವು. ವೇಷಕ್ಕೆ ಹೆಸರಿಡುವಂತಿರಲಿಲ್ಲ, ತರುಣರು ಚೆನ್ನಾಗಿಯೇ ಕುಣಿದರು. ಒಡಪು ಮಾತ್ರ ಧ್ವನಿವರ್ಧಕದಿಂದ ಬಂತು, ಯಾರದೋ ಧ್ವನಿಮುದ್ರಣ. ಪೂರ್ತಿ ಒಡಪು ಬಲ್ಲ ಹಿರಿಯರೊಬ್ಬರು ಚಪ್ಪರದ ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಅವರನ್ನು ಯಾರೂ ಕರೆಯಲಿಲ್ಲ. ಪ್ರಸಾದವಾದ ಮೇಲೆ ನಾವೇ ಅವರ ಬಳಿ ಕುಳಿತು ಕೇಳಿದೆವು. ಮುಕ್ಕಾಲು ಗಂಟೆ, ಒಂದು ಸಾಲೂ ತಡವರಿಸದೆ ಹೇಳಿದರು.