ಪದದ ಮಾತು ಕೇಳಬೇಕು

ನಮ್ಮೂರ ಭಜನೆ ತಂಡದ ಹಿರಿಯರಿಗೆ 80 ದಾಟಿದೆ. ಅವರು ಹಾಡುವ ಎಷ್ಟೋ ತತ್ವಪದಗಳನ್ನು ಯಾರೂ ಬರೆದಿಟ್ಟಿಲ್ಲ. ಹಬ್ಬಕ್ಕೆ ಹೋದಾಗೆಲ್ಲ ರೆಕಾರ್ಡ್ ಮಾಡಿಕೊಂಡು ಬಂದು, ಪೀಣ್ಯದ ರೂಮಿನಲ್ಲಿ ಮಿಕ್ಸ್ ಮಾಡುತ್ತೇನೆ.

ಹಾಡುವವರಿಗೆ ಒಂದು ಮೈಕು, ವಾದ್ಯಗಳಿಗೆ ಇನ್ನೊಂದು ಇಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಮಿಕ್ಸಿಂಗಿಗೆ ಕೂರುವುದು ಭಾನುವಾರ, ಪಕ್ಕದ ಶೆಡ್ಡಿನ ಲೇತ್ ನಿಂತಿರುವಾಗ. ಗದ್ದಲವಿದ್ದರೆ ವಾಲ್ಯೂಮ್ ಏರಿಸುತ್ತಲೇ ಹೋಗುತ್ತೇವೆ; ಜೋರಾಗಿ ಹಾಕಿದರೆ ಯಾವ ಹಾಡೂ ಚೆನ್ನಾಗೇ ಕೇಳಿಸುತ್ತದೆ. ಮೆಲ್ಲಗೆ ಮಾತಾಡುವಷ್ಟು ಸದ್ದಿಗೆ ಇಳಿಸಿದಾಗಲೇ ಯಾವ ಮಾತು ಮುಳುಗಿದೆ ಅಂತ ಗೊತ್ತಾಗುವುದು.

ಮೊದಲು ದನಿ. ಅದರಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಗಾಳಿಯ ಗುಡುಗುಡು, ಕರೆಂಟಿನ 50 ಹರ್ಟ್ಸ್ ಗುಂಯ್ ಎರಡೂ ತಗ್ಗುತ್ತವೆ. ಆಮೇಲೆ ಹಾರ್ಮೋನಿಯಂ. ಅದು ಹಾಡುವವರ ದನಿಯ ಜಾಗದಲ್ಲೇ ಬಂದು ಕೂತು ಮಾತನ್ನು ನುಂಗುತ್ತದೆ. ಆಗ ದನಿ ಏರಿಸುವ ಬದಲು ಹಾರ್ಮೋನಿಯಂ ಇಳಿಸುತ್ತೇನೆ.

ಗಂಟೆಗೊಮ್ಮೆ ಎದ್ದು ಟೀ ಕುಡಿದು ಬನ್ನಿ. ದಣಿದ ಕಿವಿಯನ್ನು ನಂಬುವ ಹಾಗಿಲ್ಲ. ಕೊನೆಗೆ ಹೆಡ್‌ಫೋನ್ ತೆಗೆದಿಟ್ಟು ಫೋನಿನಲ್ಲೇ ಕೇಳಿ. ಊರಲ್ಲಿ ಎಲ್ಲರೂ ಕೇಳುವುದು ಅದರಲ್ಲೇ. ಆ ಪುಟ್ಟ ಸ್ಪೀಕರಿನಲ್ಲಿ ತಬಲದ ಗುಮ್ಮು ಬರದಿದ್ದರೂ ನಡೆದೀತು, ಪದದ ಒಂದು ಮಾತೂ ತಪ್ಪಬಾರದು. ಮುಂದೆ ಹುಡುಗರು ಅದನ್ನು ಕೇಳಿಯೇ ಕಲಿಯಬೇಕಲ್ಲ.