ಬಂಡೀಪುರದಲ್ಲಿ ಒಂದು ಹಗಲು

ಬೆಳಗಿನ ಆರು ಗಂಟೆಯಾಗಲು ಇನ್ನೂ ಕೆಲವು ನಿಮಿಷಗಳಿದ್ದವು. ಗುಂಡ್ಲುಪೇಟೆಯಿಂದ ಉದಕಮಂಡಲದತ್ತ ಸಾಗುವ ಹೆದ್ದಾರಿಯಲ್ಲಿ, ಮೇಲುಕಾಮನಹಳ್ಳಿಯ ತಪಾಸಣಾ ಗೇಟಿನ ಮುಂದೆ, ತರಕಾರಿ ಹೇರಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಚಾಲಕರು ರಸ್ತೆಯ ಬದಿಯಲ್ಲಿ ಕಡ್ಡಿ ಕಸ ಕೂಡಿಸಿ ಬೆಂಕಿ ಕಾಯಿಸುತ್ತಿದ್ದರು. ಆ ಸಾಲಿನ ಕೊನೆಗೆ, ಅದೇ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಿಂದ ಬಂದ ಇಪ್ಪತ್ತನಾಲ್ಕು ಮಕ್ಕಳ ವಾಹನವೂ ನಿಂತಿತ್ತು. ಅದು 2023ರ ಜನವರಿ ತಿಂಗಳು, ಕೊರೆಯುವ ಚಳಿ. ಕಾಡಿನ ಮೇಲೆ ಕವಿದಿದ್ದ ಮಂಜು ಗೇಟಿನ ಕಂಬದವರೆಗೂ ಇಳಿದಿತ್ತು.

ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ರಸ್ತೆಯಲ್ಲಿ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಮರುವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೆಲವೇ ಬಸ್ಸುಗಳಿಗೂ ಆಂಬುಲೆನ್ಸ್‌ಗಳಿಗೂ ಮಾತ್ರ ವಿನಾಯಿತಿ. ಅದಕ್ಕೆ ಮೊದಲು ಇರುಳಿನಲ್ಲಿ ದೀಪದ ಬೆಳಕಿಗೆ ಕಣ್ಣು ಕೋರೈಸಿ ರಸ್ತೆಯ ನಡುವೆಯೇ ನಿಂತುಬಿಟ್ಟ ಜಿಂಕೆ, ಕಡವೆಗಳೆಷ್ಟೋ ಗಾಲಿಗಳಿಗೆ ಸಿಕ್ಕಿ ಸತ್ತಿದ್ದವು. ಆರು ಹೊಡೆಯಿತು, ಗೇಟು ಮೇಲೆದ್ದಿತು. ಲಾರಿಗಳು ಒಂದೊಂದಾಗಿ ಗುರುಗುಟ್ಟುತ್ತ ಮುಂದೆ ಸರಿದವು.

ಕಾಡಂಚಿನಲ್ಲೇ ಹುಟ್ಟಿ ಬೆಳೆದರೂ ಆ ಮಕ್ಕಳಲ್ಲಿ ಕಾಡಿನ ಒಳಗೆ ಕಾಲಿಟ್ಟವರು ಒಬ್ಬರೂ ಇರಲಿಲ್ಲ. ಬೆಂಗಳೂರಿನವರು, ಕೇರಳದವರು, ವಿದೇಶದವರು ದುಡ್ಡು ತೆತ್ತು ಬಂದು ನೋಡಿಹೋಗುವ ಬಂಡೀಪುರ, ಅದರ ನೆರೆಯಲ್ಲೇ ಇರುವ ಹೊಲಗಳ ಮಕ್ಕಳಿಗೆ ದೂರದ ಊರಾಗಿತ್ತು. ಇದೊಂದು ವಿಚಿತ್ರ, ಆದರೆ ಸಮುದ್ರದ ದಡದಲ್ಲಿದ್ದೂ ಹಡಗು ಹತ್ತದವರಿದ್ದಾರಷ್ಟೆ.

ಅರಣ್ಯ ಇಲಾಖೆಯ ಹಸಿರು ಬಸ್ಸು ಸಿದ್ಧವಾಗಿತ್ತು. ಅದನ್ನು ನಡೆಸುವವರು ನಡುವಯಸ್ಸು ದಾಟಿದವರು. ಇಪ್ಪತ್ತು ವರ್ಷಗಳಿಂದ ಅದೇ ಹಾದಿಗಳಲ್ಲಿ ಬಸ್ಸು ಓಡಿಸಿದ್ದವರು. ಕೂಗಾಡಬಾರದು, ಕೈ ಹೊರಗೆ ಚಾಚಬಾರದು, ಒಂದು ಕಡಲೆಕಾಯಿ ಸಿಪ್ಪೆಯನ್ನೂ ಎಸೆಯಬಾರದು ಎಂದು ಅವರು ಹೇಳಿ ಮುಗಿಸುವ ಮೊದಲೇ ಹಿಂದಿನ ಸೀಟಿನ ಹುಡುಗಿಯೊಬ್ಬಳು ಕೇಳಿದಳು:

"ಹುಲಿ ತೋರಿಸ್ತೀರಾ ಸಾರ್?"

"ಟಿಕೆಟ್ ತಗೊಂಡಿರೋರು ನೀವು ಕಣಮ್ಮ, ಹುಲಿಯಲ್ಲ. ಅದು ಬರಲೇಬೇಕು ಅನ್ನೋ ಕಾನೂನಿಲ್ಲ," ಎಂದರು ಚಾಲಕರು.

ಮಣ್ಣಿನ ಹಾದಿಯಲ್ಲಿ ಬಸ್ಸು ಮೆಲ್ಲನೆ ಸಾಗಿತು. ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿರುವುದರಿಂದ ಇದು ದಟ್ಟ ಮಲೆನಾಡಿನ ಕಾಡಲ್ಲ. ಮತ್ತಿ, ದಿಂಡಿಗ, ತೇಗ, ಹೊನ್ನೆ ಮೊದಲಾದ ಎಲೆಯುದುರುವ ಮರಗಳು. ಅವುಗಳ ನಡುವೆ ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು. ಮೊದಲ ತಿರುವಿನಲ್ಲೇ ಚುಕ್ಕೆ ಜಿಂಕೆಗಳ ಹಿಂಡು ಕಂಡಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಎರಡನೆಯ ಹಿಂಡಿಗೆ ಆ ಬೆರಗು ಅರ್ಧವಾಯಿತು. ಐದನೆಯ ಹಿಂಡಿನ ಹೊತ್ತಿಗೆ "ಬರೀ ಜಿಂಕೆ" ಎಂಬ ಮಾತು ಕೇಳಿಬಂದಿತು. ದೊಡ್ಡವರೂ ಇದಕ್ಕಿಂತ ಮೇಲಲ್ಲ.

ಚಾಲಕರು ಬಸ್ಸು ನಿಲ್ಲಿಸಿ ಮೇಲೆ ಬೆರಳು ತೋರಿಸಿದರು. ಮರದ ಕೊಂಬೆಗಳಲ್ಲಿ ಕರಿಮೊಗದ ಮುಸುವಗಳು ಚಿಗುರು ಮೇಯುತ್ತಿದ್ದವು. ಅವು ಅರ್ಧ ತಿಂದು ಬಿಸುಟ ಸೊಪ್ಪು ಕೆಳಗೆ ಉದುರುತ್ತಿತ್ತು. ಜಿಂಕೆಗಳು ಅದನ್ನು ಆಯ್ದು ತಿನ್ನುತ್ತಿದ್ದವು. ಮುಸುವಕ್ಕೆ ಎತ್ತರದ ನೋಟವಿದೆ. ಜಿಂಕೆಗೆ ಚುರುಕಾದ ಮೂಗಿದೆ. ಯಾವುದು ಮೊದಲು ಅಪಾಯವನ್ನು ಅರಿಯುವುದೋ ಅದು ಕೂಗುತ್ತದೆ, ಎರಡೂ ಬದುಕುತ್ತವೆ. ಇದನ್ನು ಕೇಳಿದ ಮೇಲೆ ಆರನೆಯ ಹಿಂಡನ್ನು ಮಕ್ಕಳು ಬೇರೆ ಕಣ್ಣಿನಿಂದ ನೋಡಿದರು.

ಈ ಕಾಡು ಒಂದು ಕಾಲದಲ್ಲಿ ಮೈಸೂರು ಅರಸರ ಬೇಟೆಯ ನೆಲವಾಗಿತ್ತು. 1931ರಲ್ಲಿ ಇಲ್ಲಿಯ 90 ಚದರ ಕಿಲೋಮೀಟರ್ ಪ್ರದೇಶವನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕಾದಿರಿಸಲಾಯಿತು. ಸಮೀಪದ ಬೆಟ್ಟದ ದೇವರ ಹೆಸರೇ ಅದಕ್ಕೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆಗ ಇಲ್ಲಿದ್ದವು ಹನ್ನೆರಡೇ ಹುಲಿಗಳೆಂದು ಲೆಕ್ಕ. 2022ರ ಗಣತಿ 150ನ್ನು ಎಣಿಸಿತು. ಬೇಟೆಯ ಕೋವಿ ಮೌನವಾದದ್ದರಿಂದಷ್ಟೇ ಇದಾಗಲಿಲ್ಲ. ಬೇಸಗೆಯಲ್ಲಿ ಬೆಂಕಿಯ ರೇಖೆಗಳನ್ನು ಸವರಿ, ಬರಿಗಾಲಿನಲ್ಲಿ ಗಸ್ತು ತಿರುಗಿ, ಕಳ್ಳಬೇಟೆಯವರ ಉರುಳುಗಳನ್ನು ಹುಡುಕಿ ತೆಗೆದ ಕಾವಲುಗಾರರ ದುಡಿಮೆ ಅದರ ಹಿಂದಿದೆ; ಅವರಲ್ಲಿ ಕಾಡಿನ ಹಾಡಿಗಳ ಜೇನುಕುರುಬರೂ ಸೋಲಿಗರೂ ಇದ್ದಾರೆ.

ಒಂದು ಕೆರೆಯ ಏರಿಯ ಬಳಿ, ಇದ್ದಕ್ಕಿದ್ದಂತೆ ಕಡವೆಯೊಂದು "ಢಾಂಕ್" ಎಂದು ಕೂಗಿತು. ಚಾಲಕರು ಎಂಜಿನ್ ಆರಿಸಿದರು. ಜಿಂಕೆ ಸುಮ್ಮನೆ ಬೆದರಿ ಕೂಗುವುದುಂಟು, ಕಡವೆ ಹಾಗಲ್ಲ. ಮತ್ತೊಮ್ಮೆ ಕೂಗು, ಬಳಿಕ ಮೌನ. ಇಪ್ಪತ್ತನಾಲ್ಕು ಮಕ್ಕಳು ಹತ್ತು ನಿಮಿಷ ಮಾತಿಲ್ಲದೆ ಕುಳಿತರು. ಅವರ ಮೇಷ್ಟ್ರು ತರಗತಿಯಲ್ಲಿ ಎಂದೂ ಕಾಣದ ಅಚ್ಚರಿ ಅದು. ಹುಲಿ ಬರಲಿಲ್ಲ. ಮುಂದೆ ಹಾದಿಯ ನುಣುಪು ಧೂಳಿನಲ್ಲಿ ಅಂಗೈಯಗಲದ ಹೆಜ್ಜೆಗಳು ಮಾತ್ರ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ದಾಟಿದ್ದವು. ಹಿಂದಿನ ಬಸ್ಸಿನ ಗಾಲಿಯ ಗುರುತಿನ ಮೇಲೆಯೇ ಅವು ಮೂಡಿದ್ದವು.

"ಇದು ಈಗ ತಾನೇ ಹೋಗಿರೋದು," ಎಂದರು ಚಾಲಕರು.

ಮರಳುವ ದಾರಿಯಲ್ಲಿ ಆನೆಗಳು ಸಿಕ್ಕವು. ಮೂರು ಹೆಣ್ಣಾನೆಗಳು, ಒಂದು ಎಳೆಯ ಮರಿ. ಮಕ್ಕಳೆಲ್ಲ ಬಲಗಡೆಯ ಕಿಟಕಿಗಳಿಗೆ ಮುಗಿಬಿದ್ದರು. ಒಬ್ಬ ಹುಡುಗ ಮಾತ್ರ ತನ್ನ ಸೀಟಿನಿಂದ ಎದ್ದು ಎಡಗಡೆಗೆ ಸರಿದು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಗಳಿಂದ ಬಿಗಿಹಿಡಿದು ತಲೆ ತಗ್ಗಿಸಿದ. ಗೆಳೆಯರು ನಕ್ಕರು. ಚಾಲಕರು ಕನ್ನಡಿಯಲ್ಲಿ ಅದನ್ನು ಕಂಡರು, ನಗಲಿಲ್ಲ.

"ಯಾವೂರು ಮಗಾ?" ಎಂದು ಮೆಲುದನಿಯಲ್ಲಿ ಕೇಳಿದರು.

ಹುಡುಗ ಊರಿನ ಹೆಸರು ಹೇಳಿದ. ಕಾಡಿನ ಗಡಿಗೆ ಒತ್ತಿಕೊಂಡ ಹತ್ತಾರು ಮನೆಗಳ ಹಳ್ಳಿ. ಚಾಲಕರು ತಲೆದೂಗಿದರು. ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ, ಉಳಿದವರಿಗೆ ಬೇಕಾಯಿತು. ಕೇಳಿ ಕೇಳಿ ಹೊರಡಿಸಿದ ಮಾತುಗಳಿಂದ ತಿಳಿದದ್ದು ಇಷ್ಟು. ಹಿಂದಿನ ಕೊಯ್ಲಿನ ಕಾಲದಲ್ಲಿ ಅವನೂ ಅವನ ತಂದೆಯೂ ಇಪ್ಪತ್ತು ರಾತ್ರಿ ಹೊಲದ ಅಟ್ಟಣೆಯ ಮೇಲೆ ಕಾವಲಿದ್ದರು. ಇಪ್ಪತ್ತೊಂದನೆಯ ರಾತ್ರಿ ಇಬ್ಬರಿಗೂ ನಿದ್ದೆ ಹತ್ತಿತು. ಎಚ್ಚರವಾದಾಗ ಅಟ್ಟಣೆಯ ಕಾಲೇ ಅಲುಗುತ್ತಿತ್ತು. ಬೆಳಗಾಗುವಷ್ಟರಲ್ಲಿ ಒಂದೂವರೆ ಎಕರೆಯ ರಾಗಿಯಲ್ಲಿ ತೆನೆ ಎಂಬುದು ಉಳಿದಿರಲಿಲ್ಲ. ಇಲಾಖೆ ಪರಿಹಾರ ಕೊಟ್ಟಿತು. ಅದು ಮುಂದಿನ ಬಿತ್ತನೆಗೆ ಸಾಲುವಷ್ಟಿತ್ತು, ವರ್ಷದ ಊಟಕ್ಕಲ್ಲ. ಆ ದಿನಗಳಲ್ಲಿ ಅವನು ಶಾಲೆಗೆ ತಡವಾಗಿ ಬಂದು ಬೆಂಚಿನ ಮೇಲೆ ತೂಕಡಿಸಿದ್ದನ್ನು ಮೇಷ್ಟ್ರು ಸೋಮಾರಿತನವೆಂದು ಬಗೆದಿದ್ದರು. ಈಗ ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು.

"ನೋಡಪ್ಪ, ನಾನಿದೀನಿ. ಒಂದ್ಸಲ ತಲೆ ಎತ್ತಿ ನೋಡು," ಎಂದರು ಚಾಲಕರು.

ಹುಡುಗ ನೋಡಿದ. ದೊಡ್ಡ ಹೆಣ್ಣಾನೆ ಬಸ್ಸಿಗೂ ಮರಿಗೂ ನಡುವೆ ಬಂದು ನಿಂತಿತ್ತು. ಮರಿ ಅದರ ಕಾಲುಗಳ ಕೆಳಗಿನಿಂದ ಇಣುಕುತ್ತಿತ್ತು. ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದೆ ಅತ್ತಿತ್ತ ಬೀಸುತ್ತಿತ್ತು. ಬಹಳ ಹೊತ್ತಿನ ಮೇಲೆ ಹುಡುಗ ಹೇಳಿದ:

"ಹಗಲಲ್ಲಿ ಇಷ್ಟೇನಾ ಇರೋದು ಸಾರ್? ರಾತ್ರಿ ಹೊತ್ತು ಇನ್ನೂ ದೊಡ್ಡದಾಗಿರುತ್ತೆ."

ಈ ಸಲ ಯಾರೂ ನಗಲಿಲ್ಲ. ಟಾರ್ಚಿನ ಬೆಳಕಿನ ತುಂಡಿನಲ್ಲಿ, ಪಟಾಕಿಯ ಹೊಗೆಯಲ್ಲಿ, ತಂದೆಯ ಕೂಗಿನ ನಡುವೆ ಅಲ್ಲದೆ ಅವನು ಆನೆಯನ್ನು ಕಂಡಿರಲೇ ಇಲ್ಲ.

ಕಾಡಿನಲ್ಲಿ ಮೇವಿರುವಾಗ ಅವು ಹೊಲಕ್ಕೇಕೆ ಬರಬೇಕೆಂದು ಒಬ್ಬ ಕೇಳಿದ. ಚಾಲಕರು ಹಾದಿಯ ಎರಡೂ ಬದಿಗೆ ಆಳೆತ್ತರ ಹಬ್ಬಿದ್ದ ಪೊದೆಗಳನ್ನು ತೋರಿಸಿದರು. ಅದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಅದರ ಹೂವಿನ ಚೆಲುವಿಗಾಗಿ ಬ್ರಿಟಿಷರು ತಮ್ಮ ತೋಟಗಳಿಗೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಈಗ ಅದು ಕಾಡಿನ ನೆಲವನ್ನೇ ನುಂಗಿದೆ. ಅದರಡಿಯಲ್ಲಿ ಹುಲ್ಲು ಬೆಳೆಯದು. ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಡುವ ಪ್ರಾಣಿಗೆ, ಗಡಿಯಾಚೆ ಒತ್ತಾಗಿ ನಿಂತ ರಾಗಿಯೂ ಬಾಳೆಯೂ ಬಡಿಸಿಟ್ಟ ಎಲೆಯಂತೆ ಕಾಣುವುದರಲ್ಲಿ ಆಶ್ಚರ್ಯವೇನು? ಕಂದಕ ತೋಡುತ್ತಾರೆ, ಮಳೆಗೆ ಅದರ ದಡ ಕುಸಿಯುತ್ತದೆ. ಹಳೆಯ ರೈಲು ಕಂಬಿಗಳನ್ನು ನೆಟ್ಟು ಬೇಲಿ ಮಾಡುತ್ತಾರೆ. ಬೇಲಿ ಮುಗಿದ ಕಡೆಯನ್ನು ಆನೆ ಹುಡುಕಿಕೊಳ್ಳುತ್ತದೆ.

ಮಧ್ಯಾಹ್ನದ ಬುತ್ತಿಯ ನಂತರ ಮಕ್ಕಳು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದರು. ಖಾಸಗಿ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಬುಡದಿಂದ ಸಾರಿಗೆ ಸಂಸ್ಥೆಯ ಬಸ್ಸೇ ಮೇಲೆ ಕರೆದೊಯ್ಯುತ್ತದೆ. ಸುಮಾರು 1,450 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದಕ್ಷಿಣಕ್ಕೆ ನೀಲಗಿರಿಯವರೆಗೆ ಅಲೆಯಲೆಯಾಗಿ ಕಾಡು. ಉತ್ತರಕ್ಕೆ ಹೊಲ, ತೋಟ, ಕೆರೆ, ಹೆಂಚಿನ ಮಾಡುಗಳು. ಇವೆರಡರ ನಡುವಣ ಗೆರೆ ಕೆಲವೆಡೆ ಎತ್ತಿನ ಗಾಡಿಯ ಜಾಡಿನಷ್ಟೂ ಅಗಲವಿರಲಿಲ್ಲ. ಆ ಹುಡುಗ ತನ್ನ ಊರನ್ನು ಹುಡುಕಿ ತೋರಿಸಿದ. ಬಳಿಕ ಅಲ್ಲಿಂದ ಬೆರಳನ್ನು ಮೆಲ್ಲನೆ ಜರುಗಿಸಿ, ಬೆಳಿಗ್ಗೆ ಬಸ್ಸು ನಿಂತ ಕಡೆಯನ್ನು ಅಂದಾಜು ಮಾಡಿದ. ಎರಡರ ನಡುವೆ ಒಂದೇ ಒಂದು ಗುಡ್ಡವಿತ್ತು.

ಕೆಳಗಿನ ಬಯಲಿನಲ್ಲಿಯೇ ಚೌಡಹಳ್ಳಿ ಇದೆ. 2019ರಲ್ಲಿ ಅಲ್ಲಿ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಪಳಗಿದ ಆನೆಗಳ ನೆರವಿನಿಂದ ಸೆರೆಹಿಡಿಯಬೇಕಾಯಿತು. ಮುಂದೆ 2025ರ ನವೆಂಬರ್‌ನಲ್ಲಿ, ಕಾಡಂಚಿನಲ್ಲಿ ಹುಲಿದಾಳಿಯ ಸಾವುಗಳು ಮತ್ತೆ ಸಂಭವಿಸಿದಾಗ, ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿ ಅದರ ಸಿಬ್ಬಂದಿಯನ್ನು ಹಳ್ಳಿಗಳ ಕಾವಲಿಗೆ ಕಳಿಸುವಂತೆ ಸರ್ಕಾರ ಆದೇಶಿಸಿತು. ಆ ಹಗಲು ಬೆಟ್ಟದ ಮೇಲೆ ನಿಂತವರಿಗೆ ಇದರ ಸುಳಿವಿರಲಿಲ್ಲ. ಹುಲಿ ಕಾಣಲಿಲ್ಲವೆಂಬ ಕೊರಗು ಹಲವರಲ್ಲಿ ಇನ್ನೂ ಇತ್ತು.

ಸಂಜೆ ಶಾಲೆಯ ವಾಹನ ಹುಡುಗನ ಊರಿನ ಕವಲಿನಲ್ಲಿ ನಿಂತಿತು. ಕಂಬಳಿ ಹೊದ್ದು, ಕೈಯಲ್ಲಿ ಟಾರ್ಚು ಹಿಡಿದು ಅವನ ತಂದೆ ಕಾದಿದ್ದರು. ಬಾಳೆಯ ತೋಟಕ್ಕೆ ಅಂದಿನ ರಾತ್ರಿಯ ಕಾವಲಿತ್ತು.

"ಆನೆ ನೋಡ್ದೆ ಅಪ್ಪ. ಹಗಲಲ್ಲೇ."

"ಮರಿ ಇತ್ತಾ?"

"ಇತ್ತು. ಬಲು ಸಣ್ಣದು."

ತಂದೆ ಕಾಡಿನ ಕಡೆಗೊಮ್ಮೆ ನೋಡಿದರು. "ಹಂಗಾದ್ರೆ ಇವತ್ತು ಪಟಾಕಿ ಬೇಡ. ಮರಿ ಇದ್ದಾಗ ಅವು ಮೈಮೇಲೇ ಬಂದ್ಬುಡ್ತವೆ. ತಮಟೆ ತಗೊಂಡು ಬಾ," ಎಂದರು.

ಹುಡುಗ ಚೀಲವನ್ನು ಹೆಗಲಿಗೇರಿಸಿ ಮನೆಯತ್ತ ಓಡಿದ.